ಹದಿನಾರನೇ ದಿನ ಡ್ಯೂಟಿ

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಕಾಶೀನಾಥ ಸುದ್ದಿ ಹೇಳಿದ.

"ವಾಳೂಜ್ದಾಗ ಎರಡು ಖೋಲಿ ಮನಿ ನೋಡೀನಿ. ನಳ ಒಳಗ ಐತಿ. ಮುಂದಿನ ತಿಂಗಳ ಎಲ್ಲಾರೂ ಅಲ್ಲೇ ಹೋಗೂನು."

ಸಂಭಾಜಿನಗರದ ಹೊರಗಿನ ವಾಳೂಜಿನಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಅವನಿಗೆ ಗುತ್ತಿಗೆ ಕೆಲಸ. ಶನಿವಾರ ಪಾಳಿ ಮುಗಿಸಿ ಎಸ್‌ಟಿ ಬಸ್ಸು ಹತ್ತಿ ನಾಸಿಕಕ್ಕೆ ಬರುತ್ತಿದ್ದ, ಭಾನುವಾರ ಸಂಜೆ ಮತ್ತೆ ಹೊರಡುತ್ತಿದ್ದ. ಅಲ್ಲಿ ಸಾತಪುರದ ಒಂದೇ ಖೋಲಿಯ ಮನೆಯಲ್ಲಿ ಅವನ ಅಪ್ಪ ಚನಬಸಪ್ಪ, ಅವ್ವ ಕಮಲಾಬಾಯಿ, ಹೆಂಡತಿ ಜಗದೇವಿ, ಆರು ವರ್ಷದ ಮಗಳು ಮಹಾಲಕ್ಷ್ಮಿ. ಜಗದೇವಿಗೆ ಈಗ ಮತ್ತೆ ಏಳು ತಿಂಗಳು ತುಂಬಿತ್ತು.

"ನಳ ಒಳಗ ಐತೇನು?" ಎಂದ ಚನಬಸಪ್ಪ, ಜುಣಕಕ್ಕೆ ರೊಟ್ಟಿ ಅದ್ದುತ್ತ. ಅವನಿಗೆ ಅಷ್ಟೇ ಸಾಕಾಗಿತ್ತು.

ಕಮಲಾಬಾಯಿ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಲ್ಲಿಸದೆ ಹೇಳಿದಳು: "ನೀವೆಲ್ಲಾ ಹೋಗ್ರಿ. ನಾ ಬರೂದಿಲ್ಲ."

"ಬರೂದಿಲ್ಲಂದ್ರ?"

"ನನ್ನ ಡ್ಯೂಟಿ ಇಲ್ಲೈತಿ."

ಕಾಶೀನಾಥ ನಕ್ಕ. "ಯವ್ವಾ, ಮಂದಿ ಉಚ್ಚಿ ಬಳಿಯೂದಕ್ಕ ಡ್ಯೂಟಿ ಅಂತೀಯಲ್ಲ! ಇಕಿ ಹೆರಿಗಿ ಯಾರು ನೋಡಬೇಕು? ಇಕಿ ಅವ್ವ ಸತ್ತು ಎಂಟ ವರ್ಷಾತು. ನೀ ಇಲ್ಲಂದ್ರ ಯಾರು?"

ಜಗದೇವಿ ತಲೆ ಎತ್ತಲಿಲ್ಲ. ಮಗಳ ತಟ್ಟೆಯಲ್ಲಿ ರೊಟ್ಟಿ ಮುರಿದು ಹಾಕುತ್ತಿದ್ದಳು.

"ನಾ ಇಲ್ಲ ಅಂದೀನೇನು?" ಎಂದಳು ಕಮಲಾಬಾಯಿ. "ಹೆರಿಗಿಗೆ ಬರ್ತೀನಿ. ಅಲ್ಲಿ ಇರಾಕ ಬರೂದಿಲ್ಲ ಅಂದೆ."

ಆ ದಿನ ಕಾಶೀನಾಥ ಎರಡನೇ ರೊಟ್ಟಿ ಮುಟ್ಟದೆ ಎದ್ದ.

ಕಮಲಾಬಾಯಿಗೆ ಐವತ್ಮೂರು ವರ್ಷ. ಇಂಡಿ ತಾಲೂಕಿನಿಂದ ಗಂಡನ ಹಿಂದೆ ಬಂದು ಇಪ್ಪತ್ತಾರು ವರ್ಷ ನಾಸಿಕದ ಕಟ್ಟಡಗಳಿಗೆ ಇಟ್ಟಿಗೆ, ಉಸುಕು ಹೊತ್ತಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ, ಕೂಲಿಯವರಿಗೆ ಕೆಲಸ ಹಂಚುವ ಮುಕಾದಮ, "ಬಾಯಿ, ಆತಾ ಘರೀ ಬಸಾ" ಅಂದ. ಮನೆಯಲ್ಲಿ ಕೂರುವುದು ಅವಳಿಗೆ ಬರುತ್ತಿರಲಿಲ್ಲ. ರೋಗಿಗಳ ಮನೆಗೆ ಹೆಂಗಸರನ್ನು ಕಳಿಸುವ ಒಂದು ಬ್ಯೂರೋ ಹತ್ತು ದಿನ ಕಲಿಸಿ ಕೆಲಸ ಕೊಡುತ್ತದೆ ಎಂದು ಕೇಳಿ ಹೋದಳು. ಹಾಸಿಗೆ ಹಿಡಿದವರನ್ನು ಎತ್ತುವುದು, ಹೊರಳಿಸುವುದು, ಮೈ ಒರೆಸುವುದು, ಗಂಟಲಿಗೆ ಸಿಗದಂತೆ ಉಣ್ಣಿಸುವುದು, ಇವನ್ನು ಕಲಿತಳು. ಅದೇ ವಾರ ಓಝರಿನ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಇಂಜಿನಿಯರ್ ರಘುನಂದನರ ಮನೆಯಿಂದ ಬ್ಯೂರೋಗೆ ಫೋನ್ ಬಂತು. ಅವರ ಹೆಂಡತಿ ಅನಸೂಯಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗಡೆ ಬಿದ್ದುಹೋಗಿತ್ತು. ನಲವತ್ತು ವರ್ಷ ನಾಸಿಕದಲ್ಲಿ ಇದ್ದೂ ಈಗ ಆಕೆಯ ಬಾಯಿಂದ ಬರುತ್ತಿದ್ದ ನಾಲ್ಕಾರು ಮಾತು ಕನ್ನಡದವು. ಕನ್ನಡ ಬಲ್ಲ ಹೆಂಗಸು ಬೇಕಾಗಿತ್ತು.

ಅಂದಿನಿಂದ ಒಂದು ವರ್ಷವಾಯಿತು. ದಿನಾ ಮುಂಜಾನೆ ಎಂಟಕ್ಕೆ ಇಂದಿರಾನಗರದ ಆ ಫ್ಲ್ಯಾಟಿನಲ್ಲಿ ಅವಳು ಇರಲೇಬೇಕು, ಹೊರಡುವುದು ರಾತ್ರಿಪಾಳಿಯ ಹುಡುಗಿ ಬಂದ ಮೇಲೆ. ಭಾನುವಾರ ರಜೆ. ಬ್ಯೂರೋದವರು ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ರಘುನಂದನರು ಮೈಸೂರು ಕಡೆಯವರು, ಕಮಲಮ್ಮ ಅನ್ನುತ್ತಿದ್ದರು. ಸಾತಪುರದ ಖೋಲಿಯ ಬಾಡಿಗೆ ಈಗ ಅವಳ ಪಗಾರದಲ್ಲೇ ಹೋಗುತ್ತಿತ್ತು. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

*

ಬುಧವಾರ ಸಂಜೆ ಕಮಲಾಬಾಯಿ ಮನೆಗೆ ಬಂದಾಗ ಒಲೆ ಹಚ್ಚಿರಲಿಲ್ಲ. ಜಗದೇವಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಪಾದ ಊದಿದ್ದವು. ಚನಬಸಪ್ಪ ಹೊರಗೆ ಕಟ್ಟೆಯ ಮೇಲೆ ಕೂತು ಕೆಮ್ಮುತ್ತಿದ್ದ.

"ಆಜಿ, ಮಲಾ ಭೂಕ ಲಾಗಲೀ," ಎಂದಳು ಮಹಾಲಕ್ಷ್ಮಿ.

"ಕನ್ನಡದಾಗ ಹೇಳು."

"ಹಸಿವು ಆಗ್ಯಾದ."

ಕಮಲಾಬಾಯಿ ಕೈಕಾಲು ತೊಳೆದು ಬ್ಯಾಳಿ ಬೇಯಿಸಲು ಇಟ್ಟಳು. ಸೊಸೆಯ ಕಾಲು ನೋಡಿ, "ಹೊಳ್ಳು, ಕಾಲ ಕೆಳಗ ದಿಂಬ ಇಡ್ತೀನಿ," ಎಂದು ಬಾಗಿದಳು.

ಜಗದೇವಿ ಕಾಲು ಎಳೆದುಕೊಂಡಳು. "ಬ್ಯಾಡ್ರಿ ಅತ್ತೀ. ನಿಮಗ ಪಗಾರ ಕೊಡಾವ್ರ ಕಾಲು ದಿನವೆಲ್ಲಾ ಒತ್ತಿ ಬಂದೀರಿ. ನಂದ್ಯಾಕ?"

"ಏನ ಮಾತಾಡ್ತೀ?"

"ಖರೇನ ಮಾತಾಡ್ತೀನಿ. ಮಹಾಲಕ್ಷ್ಮಿ ಹುಟ್ಟಿದಾಗ ತಗಡಿನ ಪತ್ರಾಸ ಶೆಡ್ಡಿನಾಗ ಬಿದ್ದಿದ್ದೆ. ಐದನೇ ದಿನ ನೀವು ಬುಟ್ಟಿ ಹೊತ್ತು ಹೋದ್ರಿ. ನನಗ ಒಂದು ಬಿಸಿನೀರು ಹಾಕಾವ್ರು ಇರಲಿಲ್ಲ. ಮೈಯೆಲ್ಲ ನಡುಗಾಕತ್ತಿತ್ತು, ನಾನ ನೀರ ಕಾಸ್ಕೊಂಡೆ. ಈಗ ಯಾರೋ ಮುದಿಕಿ ಬೆನ್ನಿಗೆ ಎಣ್ಣಿ ಹಚ್ಚತೀರಿ, ತಲಿ ಹಿಕ್ಕತೀರಿ. ಬಂದು ಅದನ್ನ ನಮ್ಮ ಮುಂದ ಹೇಳ್ತೀರಿ ಬ್ಯಾರೆ."

ಕಟ್ಟೆಯ ಮೇಲೆ ಚನಬಸಪ್ಪನ ಕೆಮ್ಮು ನಿಂತಿತು. ಕಮಲಾಬಾಯಿ ಒಲೆಯ ಉರಿ ಸಣ್ಣ ಮಾಡಿದಳು.

"ಆವಾಗ ನಾ ಹೋಗಲಿಲ್ಲಂದ್ರ ಮುಕಾದಮ ಶೆಡ್ ಖಾಲಿ ಮಾಡಸ್ತಿದ್ದ. ಇವರಿಗೆ ಆವಾಗ್ಲೇ ಕೆಮ್ಮ ಹತ್ತಿತ್ತು."

"ಗೊತ್ತೈತ್ರಿ. ಗೊತ್ತಿದ್ರೂ ಹೊಟ್ಟಿ ಉರೀತೈತಿ."

ಕಮಲಾಬಾಯಿ ಬ್ಯಾಳಿಗೆ ಒಗ್ಗರಣೆ ಹಾಕಿ, ಅನ್ನ ಬಸಿದು, ಎಲ್ಲರಿಗೂ ಬಡಿಸಿದಳು. ತಟ್ಟೆ ತೊಳೆಯುವಾಗ ಮಾತ್ರ, ಸೊಸೆ ಕಡೆ ತಿರುಗದೆ, "ಈ ಸಲ ಹಂಗ ಆಗೂದಿಲ್ಲ," ಎಂದಳು.

ಜಗದೇವಿ, "ನೋಡೂಣ್ರಿ," ಎಂದಳು.

*

ಅದರ ಮರುವಾರ ಸೋಮವಾರ ಮುಂಜಾನೆ ಅನಸೂಯಮ್ಮನ ಮೈ ಒರೆಸಲು ಸೀರೆ ಸರಿಸಿದ ಕಮಲಾಬಾಯಿ ಹಾಗೇ ನಿಂತುಬಿಟ್ಟಳು. ಬೆನ್ನಿನ ಬುಡದಲ್ಲಿ, ಬಾಲಮೂಳೆಯ ಮೇಲೆ, ರೂಪಾಯಿ ಅಗಲದ ಕೆಂಪು. ಬೆರಳಿಟ್ಟು ಒತ್ತಿ ತೆಗೆದಳು. ಕೆಂಪು ಬಿಳಿಚಲಿಲ್ಲ, ಹಾಗೇ ಇತ್ತು. ಹುಣ್ಣಾಗಲು ಕಾದು ಕೂತ ಕೆಂಪು ಅದು.

"ಸಾಹೇಬ್ರ, ನಿನ್ನಿ ಬದಲಿ ಬಂದಾಕಿ ಅಮ್ಮಾರನ್ನ ಎಷ್ಟು ಸಲ ಹೊಳ್ಳಸಿದ್ಲು?"

ರಘುನಂದನರು ಬಾಗಿಲಲ್ಲೇ ನಿಂತಿದ್ದರು. ಹೆಂಡತಿಯ ಮೈ ಒರೆಸುವ ಹೊತ್ತಿಗೆ ಅವರು ಒಳಗೆ ಕಾಲಿಡುತ್ತಿರಲಿಲ್ಲ. "ನಾನು ನೋಡ್ಲಿಲ್ಲ ಕಮಲಮ್ಮ. ಆಕೆ ಫೋನಲ್ಲೇ ಇದ್ದಳು. ನಿದ್ದೆ ಮಾಡ್ತಿದ್ದಾರೆ, ಎಬ್ಬಿಸಬೇಡಿ ಅಂದ್ಲು."

"ಎಂಟು ತಾಸು ಹೊಳ್ಳದ ಅಂಗಾತ ಮಲಗ್ಯಾರ. ಬರ್ರಿ ಇಲ್ಲಿ, ನೋಡ್ರಿ."

"ಬೇಡ, ನಾನು..."

"ಬರ್ರೀ ಅಂದೆ."

ಅವರು ಬಂದು ನೋಡಿದರು. ಮುಖ ಬಿಳಿಚಿತು. ಅನಸೂಯಮ್ಮ ಗೋಡೆ ಕಡೆ ಮುಖ ಮಾಡಿ, ಎಡಗೈಯಿಂದ ಹಾಸಿಗೆಯ ಅಂಚು ಹಿಡಿದುಕೊಂಡಿದ್ದಳು.

ಆ ವಾರವೆಲ್ಲ ಕಮಲಾಬಾಯಿ ಬೆನ್ನಿನ ಮೇಲೆ ಭಾರ ಬೀಳಗೊಡಲಿಲ್ಲ. ಎರಡು ತಾಸಿಗೊಮ್ಮೆ ಎಡಕ್ಕೆ, ಬಲಕ್ಕೆ. ಕಣಕಾಲಿನ ಕೆಳಗೆ ದಿಂಬಿಟ್ಟು ಹಿಮ್ಮಡಿ ಎತ್ತಿಟ್ಟಳು. ಬಟ್ಟೆ ಒಂದು ಸುಕ್ಕೂ ಇಲ್ಲದಂತೆ ಎಳೆದಳು. ರಾತ್ರಿಪಾಳಿಯ ಹುಡುಗಿಗೆ ಗಡಿಯಾರ ತೋರಿಸಿ ಹೇಳಿ ಹೋದಳು. ಶನಿವಾರದ ಹೊತ್ತಿಗೆ ಕೆಂಪು ಮಾಯವಾಗಿತ್ತು. ಆ ಭಾನುವಾರ ಅವಳು ರಜೆ ತೆಗೆದುಕೊಳ್ಳಲಿಲ್ಲ. ಹೆಂಡತಿ ಮಗಳನ್ನು ನೋಡಲು ಬಂದ ಕಾಶೀನಾಥ ಅವ್ವ ಇಲ್ಲದ ಮನೆಯಲ್ಲಿ ಕೂತು, "ಈ ಮುದಿಕಿ ನಮ್ಮವ್ವನ್ನ ಖರೀದಿ ಮಾಡ್ಯಾಳೇನು?" ಎಂದು ಕೂಗಾಡಿದ. ಅದನ್ನು ಸಂಜೆ ಮಹಾಲಕ್ಷ್ಮಿ ಅಜ್ಜಿಗೆ ಒಂದಕ್ಷರ ಬಿಡದೆ ಹೇಳಿದಳು.

*

ಎಂಟು ತಿಂಗಳು ತುಂಬುತ್ತಿದ್ದಂತೆ ಕಾಶೀನಾಥ ಜಗದೇವಿಯನ್ನು ಕರೆದೊಯ್ಯಲು ಬಂದ. ವಾಳೂಜಿನ ಮನೆಗೆ ಅವನು ಮುಂಗಡ ಕೊಟ್ಟಾಗಿತ್ತು. ಅಲ್ಲಿಯ ಸರ್ಕಾರಿ ದವಾಖಾನೆಯಲ್ಲಿ ಹೆಸರು ಬರೆಸಿದ್ದ. ಮಹಾಲಕ್ಷ್ಮಿಯ ಶಾಲೆ ಇನ್ನೂ ಎರಡು ತಿಂಗಳಿತ್ತು, ಅವಳು ಅಜ್ಜನ ಜೊತೆ ಇಲ್ಲೇ ಉಳಿಯಬೇಕಾಯಿತು.

"ಕಡೀ ಸಲ ಕೇಳ್ತೀನಿ ಯವ್ವಾ," ಎಂದ ಅವನು ಚೀಲ ಕಟ್ಟುತ್ತ. "ಕೆಲಸ ಬಿಟ್ಟು ಬರ್ತೀಯೋ ಇಲ್ಲೋ?"

"ಇಲ್ಲ."

"ಮಂದಿ ಏನಂದಾರು? ಮಗ ಇದ್ದೂ ಅವ್ವ ಮಂದಿ ಮನ್ಯಾಗ ಆಯಾ ಆಗ್ಯಾಳ ಅಂತಾರ."

"ಇಪ್ಪತ್ತಾರು ವರ್ಷ ತಲಿ ಮ್ಯಾಲೆ ಇಟ್ಟಂಗಿ ಹೊತ್ತಾಗ ಮಂದಿ ಏನಂದ್ರು? ಆವಾಗ ನಿನಗ ನಾಚಿಕಿ ಬರಲಿಲ್ಲ. ಆ ಇಟ್ಟಂಗಿ ಒಂದರ ನನ್ನ ಹೆಸರ ಹಿಡಿದು ಕರದೈತೇನು?"

ಕಾಶೀನಾಥ ಅಪ್ಪನ ಕಡೆ ನೋಡಿದ. "ಅಪ್ಪಾ, ನೀನರ ಹೇಳು."

"ಅಕಿ ನನ್ನ ಮಾತು ಯಾವಾಗ ಕೇಳ್ಯಾಳ?" ಎಂದ ಚನಬಸಪ್ಪ. "ನನಗ ಚಾ ಮಾಡೂದು ಕಲಿಸ್ಯಾಳ ಈ ವಯಸ್ಸಿನಾಗ. ನಾಳಿಂದ ನುಚ್ಚು ಮಾಡೂದಂತ."

ಕಮಲಾಬಾಯಿ ಸೊಸೆಯ ಎದುರು ಬಂದು ಕೂತಳು. "ನೋಡು ಜಗದೇವಿ. ಬ್ಯಾನಿ ಸುರು ಆತು ಅಂದಕೂಡ್ಲೆ ಫೋನ್ ಮಾಡು. ಸಿಕ್ಕ ಬಸ್ಸಿಗೆ ಬರ್ತೀನಿ. ಹದಿನೈದು ದಿನ ನಿನ್ನ ಕೈ ನೀರಿಗೆ ಹತ್ತಗೊಡೂದಿಲ್ಲ. ಹದಿನಾರನೇ ದಿನ ನನ್ನ ಡ್ಯೂಟಿ. ಇಷ್ಟು ಮಾತು ಕೊಡ್ತೀನಿ, ಹೆಚ್ಚಿಗಿ ಕೊಡೂದಿಲ್ಲ."

ಜಗದೇವಿ ಅತ್ತೆಯ ಮುಖ ನೋಡಿದಳು. "ಆತ್ರಿ," ಎಂದಳು.

*

ಮಾತು ಕೊಟ್ಟಾಗಿತ್ತು, ಆದರೆ ಇತ್ತ ಹದಿನೈದು ದಿನ ಅನಸೂಯಮ್ಮನ ಬೆನ್ನು ಯಾರು ಕಾಯಬೇಕು? ಬ್ಯೂರೋದ ಮ್ಯಾಡಂ, "ಬದಲಿ ಕಳಿಸ್ತೀನಿ, ಆದರೆ ಹದಿನೈದು ದಿನಕ್ಕಿಂತ ಒಂದು ದಿನ ಹೆಚ್ಚಾದರೂ ಆ ಮನೆಯ ಕೆಲಸ ಆಕೆಗೇ," ಎಂದು ಖಡಾಖಂಡಿತ ಹೇಳಿದ್ದಳು. ಬದಲಿಯವಳು ಹೇಗಿರುತ್ತಾಳೆ ಎನ್ನುವುದು ಕಮಲಾಬಾಯಿಗೆ ಗೊತ್ತಿತ್ತು.

ಮರುದಿನ ಅವಳು ರಘುನಂದನರನ್ನು ಪೇಪರಿನಿಂದ ಎಬ್ಬಿಸಿದಳು.

"ಸಾಹೇಬ್ರ, ನೀವು ಕಲೀಬೇಕ್ರಿ."

"ನಾನಾ? ನೋಡಮ್ಮ, ನನಗೆ ಎಪ್ಪತ್ತಾರು. ಅವಳನ್ನ ಎತ್ತೋ ಶಕ್ತಿ ನನಗೆಲ್ಲಿದೆ?"

"ಎತ್ತಬ್ಯಾಡ್ರಿ, ಹೊಳ್ಳಸ್ರಿ. ಶಕ್ತಿ ಬೇಕಾಗೂದಿಲ್ಲ, ಯುಕ್ತಿ ಬೇಕು."

"ಕಮಲಮ್ಮ," ಎಂದು ಅವರು ದನಿ ತಗ್ಗಿಸಿದರು. "ಮುಟ್ಟಿದ್ರೆ ಮುರಿದುಹೋಗ್ತಾಳೆ ಅನ್ಸುತ್ತೆ ನನಗೆ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಅವಳ ಕೈ ಬಿಟ್ಟರೆ ಬೇರೆ ಎಲ್ಲೂ ಮುಟ್ಟಿಲ್ಲ."

"ಗೊತ್ತೈತ್ರಿ. ಅಮ್ಮಾರಿಗೂ ಗೊತ್ತೈತಿ."

ಆ ಮಾತಿಗೆ ಅವರು ಕನ್ನಡಕ ತೆಗೆದಿಟ್ಟು ಒಳಗೆ ಬಂದರು.

ಕಮಲಾಬಾಯಿ ತೋರಿಸಿದಳು. ಆಚೆ ಕಾಲನ್ನು ಮೊಣಕಾಲಲ್ಲಿ ಮಡಿಸಬೇಕು. ಆಚೆ ಕೈಯನ್ನು ಎದೆಯ ಮೇಲೆ ಇಡಬೇಕು. ಆಮೇಲೆ ಒಂದು ಕೈ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ, ಎರಡನ್ನೂ ಒಂದೇ ಸಲಕ್ಕೆ ತನ್ನ ಕಡೆ ತರಬೇಕು. "ಎಳದಾಡಬಾರದ್ರಿ. ತೊಗಲು ಹಾಸಿಗಿಗೆ ತಿಕ್ಕಿದ್ರ ಸುಲೀತೈತಿ. ಮೊದಲ ಹೇಳಬೇಕು, ಅಮ್ಮಾ, ಈಗ ಹೊಳ್ಳಸ್ತೀನಿ ಅಂತ. ಹೇಳದ ಮುಟ್ಟಿದ್ರ ಯಾರಿಗಾದ್ರೂ ಜೀವ ಝಲ್ ಅಂತೈತಿ."

"ಮೊಣಕಾಲು ಮಡಿಸೋದು ಸನ್ನೆಗೋಲು, ಲಿವರ್ ಥರ," ಎಂದರು ರಘುನಂದನರು, ಮೊದಲ ಸಲ ಆಸಕ್ತಿಯಿಂದ.

"ಲೇವರೋ ಗೀವರೋ. ನೀವ ಮಾಡ್ರಿ."

ಅವರು ಹೆಂಡತಿಯ ಮುಖದ ಹತ್ತಿರ ಬಾಗಿದರು. "ಅನು, ಈಗ ನಿನ್ನ ಈ ಕಡೆ ತಿರುಗಿಸ್ತೀನಿ." ಮೊದಲ ಸಲ ಭುಜ ಬಂತು, ಸೊಂಟ ಬರಲಿಲ್ಲ. ಅನಸೂಯಮ್ಮ ನೋವಿನಿಂದ ಮುಖ ಕಿವುಚಿದಳು. ಅವರು ಕೈ ಬಿಟ್ಟುಬಿಟ್ಟರು.

"ಬಿಡಬ್ಯಾಡ್ರಿ! ಅರ್ಧಕ್ಕ ಬಿಟ್ರ ಇನ್ನೂ ನೋವು. ಹೊಳ್ಳಿ ಹಿಡೀರಿ."

ಮೂರನೆಯ ಸಲಕ್ಕೆ ಅನಸೂಯಮ್ಮ ಪೂರ್ತಿ ಮಗ್ಗುಲಾದಳು. ಗಂಡನ ಅಂಗಿಯ ಗುಂಡಿ ಅವಳ ಮೂಗಿಗೆ ತಾಗುವಷ್ಟು ಹತ್ತಿರ. ಎಡಗೈ ಎತ್ತಿ ಆ ಗುಂಡಿ ಹಿಡಿದುಕೊಂಡಳು. "ದಡ್ಡ," ಎಂದಳು. ನಾಲಿಗೆ ತೊದಲಿದರೂ ಮಾತು ಸ್ಪಷ್ಟವಿತ್ತು.

ರಘುನಂದನರು ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿದವು. ಕಮಲಾಬಾಯಿ ದಿಂಬು ತರುವ ನೆವದಲ್ಲಿ ಹೊರಗೆ ಹೋದಳು.

ಇಪ್ಪತ್ತು ದಿನ ಹೀಗೇ ಕಲಿಸಿದಳು. ಮಲಗಿದ್ದವರ ಕೆಳಗಿನ ಬಟ್ಟೆ ಬದಲಿಸುವುದು, ನೆಟ್ಟಗೆ ಕೂರಿಸಿ ಗದ್ದ ಬಗ್ಗಿಸಿ ಗಂಜಿ ಕುಡಿಸುವುದು, ಕುಡಿಸಿದ ಮೇಲೆ ಅರ್ಧ ತಾಸು ಮಲಗಿಸದಿರುವುದು. ತಪ್ಪಿದಾಗ ಬೈದಳು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ನೂರಾರು ಜನರನ್ನು ಆಳಿದವರು, "ಸರಿ ಕಮಲಮ್ಮ, ಇನ್ನೊಂದ್ಸಲ," ಎನ್ನುತ್ತ ಮಾಡಿದರು.

*

ಎಪ್ರಿಲ್ ಮೊದಲ ವಾರ, ಮುಂಜಾನೆಯ ಚಹದ ಹೊತ್ತಿಗೆ ಫೋನ್ ಬಂತು. ಕಮಲಾಬಾಯಿ ಬಾಣಂತಿಯ ಉಂಡೆಗೆಂದು ಅಳವಿ, ಅಂಟು, ಒಣಕೊಬ್ಬರಿ ಮೊದಲೇ ಕಟ್ಟಿಟ್ಟಿದ್ದ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಬಸ್ಸು ಯೇವಲಾ ಊರು ದಾಟುವ ಹೊತ್ತಿಗೆ ಕಾಶೀನಾಥನ ಎರಡನೇ ಫೋನ್: ಗಂಡುಮಗು, ಸಹಜ ಹೆರಿಗೆ, ನಾಲ್ಕು ಹೊಲಿಗೆ.

ಮೂರನೆಯ ದಿನ ದವಾಖಾನೆಯಿಂದ ಮನೆಗೆ ಕರೆತಂದರು. ಪತ್ರಾಸಿನ ಮಾಡು, ಬಿಸಿಲಿಗೆ ಕಾಯುತ್ತಿತ್ತು. ನಳವೇನೋ ಒಳಗಿತ್ತು, ಆದರೆ ನೀರು ದಿನ ಬಿಟ್ಟು ದಿನ. ಕಮಲಾಬಾಯಿ ಹಿಂದಿನ ಸಂಜೆಯೇ ಡ್ರಮ್ಮು ತುಂಬಿಸಿದ್ದಳು. ಮುಂಜಾನೆ ಹಂಡೆಯಲ್ಲಿ ನೀರು ಕಾಸಿ, ಎಣ್ಣೆ ಬೆಚ್ಚಗೆ ಮಾಡಿ, ಸೊಸೆಯನ್ನು ಕರೆದಳು.

"ಎದ್ದೇಳಾಕ ಆಗವಲ್ದು ಅತ್ತೀ. ಹೊಲಿಗಿ ಜಗ್ಗತಾವ."

"ಏಳಬ್ಯಾಡ. ಮೊದಲ ಮಗ್ಗಲಾಗು. ಈಗ ಕಾಲು ಹೊರಸಿನ ಕೆಳಗ ಬಿಡು. ಮೊಣಕೈ ಊರು. ನನ್ನ ಹೆಗಲ ಹಿಡಿ. ಈಗ ನಾ ಎಣಸ್ತೀನಿ, ಮೂರಕ್ಕ."

ಜಗದೇವಿ ಎದ್ದು ಕೂತಳು. ನೋವು ಬಂದಿರಲಿಲ್ಲ. ಬೆರಗಿನಿಂದ ಅತ್ತೆಯನ್ನು ನೋಡಿದಳು. "ಇದನ್ನ ಎಲ್ಲಿ ಕಲ್ತ್ರಿ?"

"ಇಂದಿರಾನಗರದಾಗ. ಮಂದಿ ಉಚ್ಚಿ ಬಳೀತಿದ್ನಲ್ಲ, ಅಲ್ಲೇ."

ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಒತ್ತಿದಳು. ಬೆನ್ನು, ಸೊಂಟ, ಊದಿ ಇಳಿದ ಕಾಲು ಎಲ್ಲವನ್ನೂ ತಿಕ್ಕಿದಳು. ನೀರು ಹಾಕುವ ಮೊದಲು ಪ್ರತಿ ಸಲ, "ಈಗ ಹಾಕ್ತೀನಿ," ಅಂದಳು. ಬಿಸಿನೀರು ಬೆನ್ನ ಮೇಲೆ ಇಳಿದಾಗ ಜಗದೇವಿ ಮಂಡಿಯ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ಕಮಲಾಬಾಯಿ ಅಳು ನಿಲ್ಲಿಸು ಎನ್ನಲಿಲ್ಲ. ಎರಡು ಹಂಡೆ ನೀರು ಮುಗಿಯುವವರೆಗೆ ಹಾಕುತ್ತಲೇ ಇದ್ದಳು.

ದಿನಾ ಸಂಜೆ ರಘುನಂದನರ ಫೋನ್ ಬರುತ್ತಿತ್ತು. ಬದಲಿಯವಳು ಹೇಗೋ ಇದ್ದಾಳೆ, ಆದರೆ ಹೊರಳಿಸುವುದು ತಮ್ಮದೇ ಎನ್ನುತ್ತಿದ್ದರು. "ಬೆನ್ನು ಶುಭ್ರವಾಗಿದೆ ಕಮಲಮ್ಮ. ನನ್ನ ಸೊಂಟ ಮಾತ್ರ ಹೋಯ್ತು. ಅವಳು ದಿನಾ ಬಾಗಿಲು ನೋಡ್ತಾಳೆ. ಯಾವತ್ತು ಬರ್ತೀರಿ?"

"ಹದಿನಾರನೇ ದಿನ ಮುಂಜಾನೆ ಎಂಟಕ್ಕ್ರಿ."

ಇದನ್ನೆಲ್ಲ ಜಗದೇವಿ ಮಗುವಿಗೆ ಹಾಲೂಡಿಸುತ್ತ ಕೇಳುತ್ತಿದ್ದಳು.

*

ಹದಿನಾಲ್ಕನೇ ದಿನ ಸಂಜೆ ಬಂದ ಫೋನು ಚನಬಸಪ್ಪನದು.

"ಏನ ಇಕಿ, ಮನಿ ಮಾಲಕ ಬಂದಿದ್ದ. ಈ ತಿಂಗಳ ಕಡೀಕೆ ಖೋಲಿ ಖಾಲಿ ಮಾಡ್ತೀರಂತಲ್ಲ, ನಿಮ್ಮ ಹುಡುಗ ಹೇಳ್ಯಾನ ಅಂದ. ನಾ ಸಾಮಾನು ಕಟ್ಟಬೇಕೋ ಬ್ಯಾಡೋ?"

ಕಾಶೀನಾಥ ಆಗತಾನೇ ಪಾಳಿ ಮುಗಿಸಿ ಬಂದು ಚಹ ಕುಡಿಯುತ್ತಿದ್ದ. ಕಮಲಾಬಾಯಿ ಅವನ ಮುಂದೆ ಫೋನ್ ಇಟ್ಟಳು. "ಮಾಲಕಗ ನೀ ಹೇಳೀಯೇನು?"

"ಹೇಳೀನಿ. ಯಾಕ ಹೇಳಬಾರದು? ಎರಡೆರಡು ಮನಿ ಯಾಕ? ಅಪ್ಪನ್ನೂ ಪೋರಿನ್ನೂ ಕರಕೊಂಡು ಬರೂನು. ಇಲ್ಲೂ ಮರಾಠಿ ಸಾಳಿ ಐತಿ."

"ನನ್ನ ಕೇಳಲಿಲ್ಲ."

"ಕೇಳಿದ್ರ ನೀ ಹೂಂ ಅಂತಿದ್ದೇನು?"

ಕಮಲಾಬಾಯಿ ಅವನೆದುರೇ ಮಾಲಕನಿಗೆ ಫೋನ್ ಹಚ್ಚಿದಳು. ತನ್ನ ಮುರುಕು ಮರಾಠಿಯಲ್ಲಿ, ಖೋಲಿ ಬಿಡುವುದಿಲ್ಲ, ಬಾಡಿಗೆ ಕೊಡುವವಳು ನಾನು, ಇನ್ನು ಮೇಲೆ ನನ್ನ ಬಿಟ್ಟು ಬೇರೆ ಯಾರ ಮಾತೂ ಹಿಡಿಯಬೇಡಿ ಎಂದು ಎರಡೆರಡು ಸಲ ಹೇಳಿ ಇಟ್ಟಳು. ಆಮೇಲೆ ಚೀಲಕ್ಕೆ ಸೀರೆ ಮಡಿಸಿ ಹಾಕತೊಡಗಿದಳು.

ಕಾಶೀನಾಥ ಚಹದ ಕಪ್ಪು ನೆಲಕ್ಕೆ ಕುಕ್ಕಿದ. "ನಾಳಿ ನೀ ಹೋಗೂದಿಲ್ಲ! ಹಸಿ ಬಾಣಂತಿ ಬಿಟ್ಟು ಹೋಗ್ತೀಯಾ? ತಿಂಗಳಾಗೂತನಾ ಇಕಿ ನೀರಾಗ ಕೈ ಇಡಬಾರದು. ಮಗನಿಗಿಂತ, ಮೊಮ್ಮಗನಿಗಿಂತ ಆ ಮುದಿಕಿ ಹೆಚ್ಚಾತೇನು ನಿನಗ?"

"ಹೆಚ್ಚು ಕಡಿಮಿ ಅಳತಿ ಮಾಡಾಕ ಅವರೇನು ಜ್ವಾಳ ಅಲ್ಲ."

"ಹೋದ್ರ ಹೊಳ್ಳಿ ಈ ಮನಿ ಹೊಸ್ತಲಾ..."

"ಏ ಇವ್ರ!" ಎಂದಳು ಜಗದೇವಿ.

ಮಗು ಬೆಚ್ಚಿ ಅತ್ತಿತು. ಅದನ್ನು ಹೆಗಲಿಗೆ ಹಾಕಿ ತಟ್ಟುತ್ತ, ಹೊರಸಿನ ಮೇಲೆ ನೆಟ್ಟಗೆ ಕೂತು ಅವಳು ಗಂಡನನ್ನು ನೋಡಿದಳು.

"ಆ ಮಾತು ಪೂರಾ ಆಡಬ್ಯಾಡ್ರಿ. ಬಾಣಂತಿ ಯಾರು? ನಾನ ಹೌದಲ್ಲ? ಮತ್ತ ನನ್ನ ಕೇಳ್ರಿ. ಹದಿನೈದು ದಿನ ಅಂದಿದ್ರು, ನಾಳಿಗೆ ಹದಿನೈದು ತುಂಬತಾವ. ನನ್ನ ಕೈ ಒಂದ ದಿನ ನೀರಿಗೆ ಹತ್ತಿಲ್ಲ. ನನಗ ಕೊಟ್ಟ ಮಾತು ಅವರು ನಡಸ್ಯಾರ. ಆ ಅಮ್ಮಗೂ ಮಾತು ಕೊಟ್ಟಾರ, ಅದನ್ನೂ ನಡಸಲಿ."

"ಮತ್ತ ರೊಟ್ಟಿ ಯಾರು ಬಡೀಬೇಕು?"

"ನೀವ."

"ನಾನು?"

"ಎಪ್ಪತ್ತಾರು ವರ್ಷದ ಸಾಹೇಬ್ರು ಹೆಂಡತಿ ಬಟ್ಟಿ ಬದಲಿ ಮಾಡೂದು ಕಲ್ತಾರ. ದಿನಾ ಫೋನಿನಾಗ ನಾ ಕೇಳ್ತೀನಲ್ಲ. ನಿಮಗಿನ್ನೂ ಮೂವತ್ತೊಂದು. ರೊಟ್ಟಿ ಬರಲಿಲ್ಲಂದ್ರ ಅನ್ನ ಮಾಡ್ರಿ. ಮುಂಜಾನಿ ನೀರು ಹಾಕಾಕ ಬಾಜೂದ ಲಾತೂರಿನ ಅಕ್ಕ ಬರ್ತಾಳ, ಅತ್ತಿ ಹೇಳ್ಯಾರ. ಉಳಿದದ್ದು ನೀವು."

ಕಾಶೀನಾಥ ಅವ್ವನ ಕಡೆ ತಿರುಗಿದ. ಅವಳು ಸೀರೆ ಮಡಿಸುವುದನ್ನು ನಿಲ್ಲಿಸಿ ಸೊಸೆಯನ್ನೇ ನೋಡುತ್ತಿದ್ದಳು. ಹೋಗಿ ಮೊಮ್ಮಗನನ್ನು ಎತ್ತಿಕೊಂಡು ಸೊಸೆಯ ಪಕ್ಕ ಕೂತಳು.

"ಮೂರು ತಿಂಗಳ ಆದ ಮ್ಯಾಲೆ ನಾಸಿಕಕ್ಕ ಬರ್ತೀನ್ರಿ," ಎಂದಳು ಜಗದೇವಿ, ಮೆಲ್ಲಗೆ. "ಮಹಾಲಕ್ಷ್ಮಿ ಸಾಳಿ ಅಲ್ಲೇ ಇರಲಿ. ಇವರು ಮೊದ್ಲಿನಂಗ ಶನಿವಾರ ಬರ್ಲಿ."

"ಅದು ನೀವಿಬ್ಬರೂ ಕೂತು ಮಾತಾಡ್ರಿ," ಎಂದಳು ಕಮಲಾಬಾಯಿ. "ಅದರಾಗ ನಾ ಬಾಯಿ ಹಾಕೂದಿಲ್ಲ."

ಮರುದಿನ ಊಟವಾದ ಮೇಲೆ ಕಾಶೀನಾಥ ಯಾರೂ ಹೇಳದೆಯೇ ಮೋಟಾರ್‌ಸೈಕಲ್ ಹೊರಗೆ ತೆಗೆದ. ಅವ್ವನನ್ನು ಹಿಂದೆ ಕೂರಿಸಿಕೊಂಡು ಹೊರಟ. ಬಸ್‌ಸ್ಟ್ಯಾಂಡಿನಲ್ಲಿ ನಾಸಿಕದ ಬಸ್ಸು ನಿಂತಿತ್ತು. ಅವನು ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿದ, ಚೀಲ ಮೇಲೆ ಇಟ್ಟ, ಕೆಳಗಿಳಿದು ಕಿಟಕಿಯ ಹತ್ತಿರ ಬಂದು ನಿಂತ. ಕಂಡಕ್ಟರ್ ಗಂಟೆ ಹೊಡೆದ. ಆಗ ಕಿಟಕಿಯ ಸರಳು ಹಿಡಿದು ಕೇಳಿದ:

"ಯವ್ವಾ, ಸಂಜಿಮುಂದ ಅಕಿಗೆ ಏನು ಮಾಡಿ ಹಾಕ್ಲಿ?"

"ಮೊದಲ ಕೈ ತೊಳ್ಕೋ," ಎಂದಳು ಕಮಲಾಬಾಯಿ. "ಆಮ್ಯಾಲೆ ಫೋನ್ ಮಾಡು, ಹೇಳ್ತೀನಿ."